ಎದುರಿನ ಕುರ್ಚಿ

ಮಾರ್ಚ್ ೧೪, ಶುಕ್ರವಾರ

ಅಕ್ಕನ ಮಾತು ತಲೆಯಿಂದ ಹೋಗುತ್ತಿಲ್ಲ.

ಕಾದಂಬರಿಯನ್ನು ರಂಗದ ಮೇಲೆ ಒಬ್ಬಳೇ ಅಭಿನಯಿಸುವಾಗ ಎದುರು ಖಾಲಿ ಕುರ್ಚಿ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಕೂತ ಪಾತ್ರದ ಮಾತು ಪೂರ್ತಿ ಕೇಳಿಸಿಕೊಂಡೇ ಬಾಯಿ ತೆರೆಯಬೇಕೆಂದು ನನಗೆ ನಾಟಕ ಕಲಿಸಿದ ಮೇಷ್ಟ್ರು ವರ್ಷಗಟ್ಟಲೆ ತಿದ್ದಿದ್ದರು. ಇವತ್ತು ಅಕ್ಕ ಮೊದಲ ಸಲ ನೋಡಲು ಬಂದಿದ್ದಳು. ಬಣ್ಣ ಒರೆಸಿಕೊಳ್ಳುತ್ತಾ "ಹೇಗಿತ್ತಕ್ಕಾ?" ಅಂದೆ.

"ಖಾಲಿ ಕುರ್ಚಿ ಮಾತನ್ನ ಎಷ್ಟು ಚೆನ್ನಾಗಿ ಕೇಳಿಸ್ಕೋತೀಯೇ! ನಂದೂ ಒಂದು..."

"ಅದೇ ಕಷ್ಟ ಅಕ್ಕಾ, ಮೇಷ್ಟ್ರು ಏನಂತಿದ್ರು ಗೊತ್ತಾ..." ಎಂದು ಶುರುಮಾಡಿಬಿಟ್ಟೆ.

"ನೋಡು, ನಾನು ಬಾಯಿ ತೆಗೆದ್ರೆ ಮಾತ್ರ ಮುಗಿಸೋಕೇ ಬಿಡಲ್ಲ," ಎಂದು ನಕ್ಕಳು.

ಬಸ್ಸಿನಲ್ಲಿ ಬಾಯಿ ಬಿಗಿಹಿಡಿದು ಕಾದೆ. ಅವಳು ಕಿಟಕಿಯಾಚೆ ನೋಡುತ್ತಾ ಕೂತು, ತನ್ನ ಸ್ಟಾಪಿನಲ್ಲಿ ಇಳಿದುಹೋದಳು. ಏನೋ ಹೇಳಲೆಂದೇ ಬಂದಿದ್ದಳು.

ಮೈಯೆಲ್ಲ ಸುಸ್ತು. ಮನೆಗೆ ಬಂದು, ಎದುರಿನ ಖಾಲಿ ಕುರ್ಚಿಯಲ್ಲಿ ಅವಳಿದ್ದಾಳೆಂದುಕೊಂಡು ಕಾಯುತ್ತಿದ್ದೇನೆ. ಯಾರ್ಯಾರದೋ ಮಾತು ಕೇಳಿಸುವ ನನಗೆ ಅವಳದೊಂದು ಪದವೂ ಕೇಳಿಸುತ್ತಿಲ್ಲ.