ಸ್ಟೇಷನ್ ಸೀನಿನ ‘ನೂ’

ಮೇ ೧೨
ಬೆಳಗಿನಿಂದ ಸೆಟ್ಟಿನಲ್ಲಿ ಎಲ್ಲರಿಗೂ ಕಾಫಿ ಹಂಚಿದೆ. ಸಾಹಿತ್ಯ ಓದಿದವಳೆಂದು ಸಂಭಾಷಣೆ ತಿದ್ದುವ ಕೆಲಸವೂ ನನಗೇ. ಟೀವಿ ಸಿನಿಮಾ — ಮನೆಯವರನ್ನು ಎದುರುಹಾಕಿಕೊಂಡು ಓಡಿಹೋಗುವ ಹುಡುಗ, ಹುಡುಗಿ. ಹರಿದ ಜೀನ್ಸಿಗೂ ಇಸ್ತ್ರಿ ಹಾಕಿಸಿದ್ದಾರೆ.

ಸ್ಟೇಷನ್ ಸೀನ್ ಮಾತ್ರ ನಾನು ಬರೆದದ್ದು. ನಿಜವಾಗಿ ನಡೆದದ್ದೆಂದು ಸೆಟ್ಟಿನಲ್ಲಿ ಯಾರಿಗೂ ಹೇಳಿಲ್ಲ. ರೈಲಿನ ಬಾಗಿಲಲ್ಲಿ ನಿಂತ ಹುಡುಗ “ಬರ್ತೀಯಾ?” ಅನ್ನುತ್ತಾನೆ. ಅವಳು “ನೂ” ಅನ್ನುತ್ತಾಳೆ. ನಮ್ಮೂರು ತ್ಸಿಟಾವ್ ಕಡೆ ಹೌದು ಅನ್ನುವುದೇ ಹಾಗೆ. ಗಾರ್ಡಿನ ಶಿಳ್ಳೆಯಲ್ಲಿ ಅವನಿಗೆ ಕೇಳಿಸುವುದಿಲ್ಲ.

ಅವತ್ತು ರೈಲಿನ ಬಾಗಿಲಲ್ಲಿ ನಿಂತಿದ್ದ ಫಾಲ್ಕೋಗೂ ಕೇಳಿಸಿರಲಿಲ್ಲ. ಆಗ ನಮಗೆ ಹದಿನೇಳು. ಆಮೇಲೆ ಹೇಳಲು ಬಾಯೇ ಬರಲಿಲ್ಲ...

ಮೇ ೧೪, ಮಧ್ಯಾಹ್ನ
ನಿರ್ದೇಶಕ ಟೋರ್ಬೆನ್ ಹ್ಯಾಂಬರ್ಗಿನವರು, ನಮ್ಮ ಕಡೆಯ ಮಾತು ಗೊತ್ತಿಲ್ಲ.

“ಏನಮ್ಮಾ ಹೆನ್ರಿಕೆ ಇದು, ‘ನೂ’? ಹಸು ಕೂಗ್ದಂಗಿದೆ!”

ಎಲ್ಲರೂ ನಕ್ಕರು. ಹೌದು ಅಂತ ಅರ್ಥ, ಅಂದೆ.

“ಏನಂದೆ? ಗಟ್ಟಿಯಾಗಿ ಹೇಳು. ಹೋಗ್ಲಿ ಬಿಡು, ಶುದ್ಧವಾಗಿ ‘ನುನ್’ ತಾನೇ? ‘ಸರಿ... ಈಗ... ನೋಡೋಣ...’ ಅಂತ. ಮೆರ್ಲೆ, ಸ್ವಲ್ಪ ರಾಗ ಎಳಿ ಪುಟ್ಟಾ. ಅನುಮಾನ ಬೇಕು ನಂಗೆ, ಅನುಮಾನ!”

ನಟಿ ಮೆರ್ಲೆ ಎಳೆದಳು. “ನುನ್ನ್...” ಕಣ್ಣು ಬೂಟಿನ ಮೇಲೆ. ಹುಡುಗ ಕಾದ, ಸೋತ, ಹೋದ. ಚಪ್ಪಾಳೆ.

ಹಾಳೆಯಲ್ಲಿ ತಿದ್ದಿದೆ. ನನ್ನ ಪೆನ್ಸಿಲಿನಿಂದಲೇ.

ಸೆಪ್ಟೆಂಬರ್ ೨೦
ಫಾಲ್ಕೋ ಮೆಸೇಜ್! ಇಷ್ಟು ವರ್ಷಗಳ ಮೇಲೆ. ಡ್ರೆಸ್ಡೆನ್‌ನಲ್ಲಿ ಟ್ರಾಮ್ ಓಡಿಸುತ್ತಾನಂತೆ.

“ನಿಮ್ಮಮ್ಮ ಸಿಕ್ಕಿದ್ರು. ಬರೋ ಬುಧವಾರ ಟೀವೀಲಿ ಬರೋ ಸಿನಿಮಾದಲ್ಲಿ ಸ್ಟೇಷನ್ ಸೀನ್ ನಿಂದೇ ಅಂದ್ರು. ಅವತ್ತು ನೀನು ಬರ್ತಿದ್ಯೋ ಇಲ್ವೋ, ಕೇಳ್ಬೇಕು ಅಂತಾನೇ ಇದ್ದೆ. ಅದ್ರಲ್ಲೇ ಉತ್ತರ ಇರುತ್ತೆ ಅಲ್ವಾ?”

ಉದ್ದಕ್ಕೆ ಬರೆದೆ. ಅಳಿಸಿದೆ. ಮತ್ತೆ ಬರೆದೆ, ಅಳಿಸಿದೆ. ಕೊನೆಗೆ ಹೆಬ್ಬೆರಳಿನ ಚಿತ್ರ ಕಳಿಸಿದೆ. ಹೆಬ್ಬೆರಳು!

ಸೆಪ್ಟೆಂಬರ್ ೨೪, ಬುಧವಾರ
ಅಮ್ಮ ಬ್ರೆಡ್ಡು, ಚೀಸು, ಉಪ್ಪಿನ ಸೌತೆಕಾಯಿ ತಟ್ಟೆಗೆ ಹಾಕಿಕೊಂಡು ಟೀವಿ ಮುಂದೆ ಕೂತಳು. ಹುಡುಗ ಪಕ್ಕದ ಮನೆಯ ತೋಟದಲ್ಲಿ ಅಲಂಕಾರಕ್ಕಿಟ್ಟ ಕುಳ್ಳನ ಬೊಂಬೆ ಒಡೆದ. ಅದೇ ಬಂಡಾಯ. ಉದ್ದಕ್ಕೂ ಗಿಟಾರು.

“ಇವರೆಲ್ಲಿ ಓಡಿಹೋಗ್ತಾರೆ? ಹಲ್ಲುಜ್ಜೋ ಬ್ರಷ್ ಮರೆಯದ ಮಕ್ಳು!” ಅಂದಳು ಅಮ್ಮ.

ಸ್ಟೇಷನ್ ಬಂತು.

“ಥೂ, ಇದೇನೇ ರಾಗ? ನೂ ಅಂದ್ರೆ ಮುಗೀತಪ್ಪ. ಚರ್ಚಲ್ಲಿ ನಿಮ್ಮಪ್ಪನ್ನ ಒಪ್ಕೋತೀಯಾ ಅಂದಾಗ್ಲೂ ನೂ ಅಂದ್ಬಿಟ್ಟೆ. ಪಾದ್ರಿ ಮುಖ ನೋಡ್ಬೇಕಿತ್ತು!”

ನಗಲಾಗಲಿಲ್ಲ. ಫೋನು ಮಿನುಗಿತು.

“ಈಗ ಗೊತ್ತಾಯ್ತು. ಕೋಪ ಇಲ್ಲ ಕಣೇ. ಚೆನ್ನಾಗಿರು.”

ಸೆಪ್ಟೆಂಬರ್ ೨೭, ಡ್ರೆಸ್ಡೆನ್
ಸ್ಟಾಪಿನ ಬೆಂಚು. ಈಗಷ್ಟೇ ನಡೆದದ್ದು, ಇಲ್ಲೇ ಬರೆಯುತ್ತಿದ್ದೇನೆ.

ದಾರಿಯುದ್ದಕ್ಕೂ ರೈಲಿನಲ್ಲಿ ಬಾಯಿಪಾಠ ಮಾಡಿದ್ದೆ — ನೂ, ನೂ, ನೂ. ಎದುರಿನ ಅಜ್ಜಿ ಸೀಟು ಬದಲಿಸಿದಳು.

ಎಷ್ಟೋ ಟ್ರಾಮ್ ಹೋದ ಮೇಲೆ ಅವನದು ಬಂತು. ನನ್ನನ್ನು ಕಂಡ. ಗುರುತು ಹಿಡಿದ, ಖಂಡಿತ ಹಿಡಿದ. ಮುಂದಿನ ಬಾಗಿಲು ತೆರೆದ. ತುಂಬಿದ ಟ್ರಾಮಿನ ಎದುರು, ಡ್ರೈವರ್ ದನಿಯಲ್ಲಿ ಕೇಳಿದ —

“ಬರ್ತೀರಾ?”

ಬರ್ತೀರಾ! ನನಗೆ!

“ಹತ್ತಮ್ಮಾ, ಲೇಟಾಗ್ತಿದೆ,” ಒಳಗಿನಿಂದ ಯಾರೋ.

ಬಾಯಿ ತೆರೆದೆ. ಬಂದದ್ದು “ನುನ್ನ್...” ಮೆರ್ಲೆಯ ರಾಗ. ನನ್ನ ಕಣ್ಣೂ ಬೂಟಿನ ಮೇಲೆ. ಅವನು ಸ್ವಲ್ಪ ಕಾದ. ಆಮೇಲೆ ಬಾಗಿಲು ಮುಚ್ಚಿದ; ಟ್ರಾಮ್ ಹೋಯಿತು.