ತಪ್ಪು ಕಥೆ ಹೇಳಿದ ಹುಡುಗಿಯ ತಾಯಿಯಿಂದ

ಹೊರಗಿನಿಂದ ಬಂದ ಮಕ್ಕಳಿಗೆ ಈ ನಾಡಿನ ಸಂಸ್ಕೃತಿ ಕಲಿಸುವ ಕಚೇರಿಯ ಮಾನ್ಯ ನಿರ್ದೇಶಕರೇ,

ಇನ್ನೂರು ಜನರ ಮುಂದೆ ನನ್ನ ಎಂಟು ವರ್ಷದ ಮಗಳ ಕೈಯಿಂದ ತಾವು ಮೈಕು ಕಿತ್ತುಕೊಂಡಿರಿ. ಅಂದಿನಿಂದ ಅವಳು ಶಾಲೆಯಲ್ಲಿ ಬಾಯಿ ಬಿಟ್ಟಿಲ್ಲ. ಹೋದ ವಾರ ತಮ್ಮ ಕಚೇರಿಯಿಂದ ಪ್ರಮಾಣಪತ್ರ ಬಂತು: 'ಈ ಮಗು ನಾಡಿನ ಸಂಸ್ಕೃತಿಯೊಂದಿಗೆ ಯಶಸ್ವಿಯಾಗಿ ಬೆಸೆದುಕೊಂಡಿದೆ.' ಕೆಳಗೆ ತಮ್ಮ ಸಹಿ. ಸಹಿ ಬಹಳ ಅಂದವಾಗಿದೆ. ನಾನು ಖಾಸಗಿಯಾಗಿ ಬರೆದ ಎರಡು ಪತ್ರಗಳಿಗೂ 'ತಮ್ಮ ಅನಿಸಿಕೆಗೆ ಧನ್ಯವಾದಗಳು' ಎಂಬ ಒಂದೇ ಸಾಲಿನ ಉತ್ತರ ಬಂದಿದ್ದರಿಂದ, ಮೂರನೆಯದನ್ನು ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾವು ಈ ದೇಶಕ್ಕೆ ಬಂದು ಮೂರು ವರ್ಷವಾಯಿತು. ನಾನು ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತೇನೆ. ಒಗೆದ ಚಾದರಗಳನ್ನು ಇಸ್ತ್ರಿ ಮಾಡುವ ಬಿಸಿ ರೋಲರಿನ ಬಾಯಿಗೆ ಕೊಡುವವಳು ನಾನು. ಆಚೆ ಬದಿಯಲ್ಲಿ ನಿಂತು, ಕೈ ಸುಡುವ ಚಾದರ ಹಿಡಿದು ಮಡಚುತ್ತಿದ್ದವರು ಇದೇ ಊರಲ್ಲಿ ಹುಟ್ಟಿ ಬೆಳೆದ ಒಬ್ಬ ಮುದುಕಿ. ಮೂವತ್ತೊಂದು ವರ್ಷ ಅದೇ ಜಾಗದಲ್ಲಿ ನಿಂತವರು. ಮಕ್ಕಳ ಬಾಯಲ್ಲಿ ಅವರು ಇಸ್ತ್ರಿ ಅಜ್ಜಿ. ನಾವು ಬಂದ ಹೊಸದರಲ್ಲಿ ನನ್ನ ಮಗಳು ಮನೆಯೊಳಗೆ ನಮ್ಮ ಭಾಷೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದಳು, ಹೊಸ್ತಿಲು ದಾಟಿದರೆ ಮೂಗಿ. ಡಾಕ್ಟರಿಗೆ ಕಿವಿ ತೋರಿಸಿ ಎಂದರು ಶಾಲೆಯವರು. ತೋರಿಸಿದೆವು. ಕಿವಿ ಚೆನ್ನಾಗಿಯೇ ಇತ್ತು. ಇದನ್ನು ಹೇಳಿಕೊಂಡಾಗ ಅಜ್ಜಿ ಚಾದರದ ತುದಿ ಕೊಡವುತ್ತ ಅಂದರು: "ಶನಿವಾರ ಲೈಬ್ರರಿಗೆ ಕರ್ಕೊಂಡು ಬಾರೇ. ನಾನು ಮಕ್ಕಳಿಗೆ ಕಥೆ ಹೇಳ್ತೀನಿ. ಮಾತಾಡ್ದಿದ್ರೆ ಬೇಡ ಬಿಡು, ಕೇಳೋಕೆ ಬಾಯಿ ಬೇಕಾ?"

ಗ್ರಂಥಾಲಯದ ಹಿಂದಿನ ಕೋಣೆ. ಕಾಲು ಕುಂಟುವ ಒಂದು ಮೇಜು, ನೆಲದ ಮೇಲೆ ಹದಿನೈದು ಮಕ್ಕಳು. ಅಜ್ಜಿ ಹೇಳುತ್ತಿದ್ದದ್ದು ಈ ಊರಿನದೇ ಕಥೆ. ಇಲ್ಲಿ ಹಿಂದೆ ಬರೀ ಜೌಗು, ಗಾಳಿಯೇ ಇರಲಿಲ್ಲವಂತೆ. ಒಬ್ಬ ಗಿರಣಿಯವಳು ದೋಣಿಯಲ್ಲಿ ಒಂದು ಚೀಲ ಗಾಳಿ ತುಂಬಿಕೊಂಡು ಬಂದು ಬಿಚ್ಚಿದಳಂತೆ. ಗಾಳಿಗಿರಣಿ ತಿರುಗಿ ನೀರೆತ್ತಿ ಹಾಕಿತು, ಕೆಸರು ಒಣಗಿತು, ಊರು ಎದ್ದಿತು. ಮೂರನೇ ಶನಿವಾರ ನನ್ನ ಮಗಳು ಮೊದಲ ಸಲ ಈ ದೇಶದ ಭಾಷೆಯಲ್ಲಿ ಬಾಯಿ ತೆರೆದಳು.

"ಅವಳು ಎಲ್ಲಿಂದ ಬಂದ್ಲು, ಅಜ್ಜಿ?"

"ಬೇರೆ ಕಡೆಯಿಂದ್ಲೇ ಬಂದ್ಲು ಕಣೇ. ಇಲ್ಲಿ ಮೊದ್ಲು ಯಾರಿದ್ರು ಅನ್ಕೊಂಡೆ? ಬರೀ ಕಪ್ಪೆಗಳು!"

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂದು ಮನೆಗೆ ಬರುವ ದಾರಿಯುದ್ದಕ್ಕೂ ಅಂಚೆ ಕಚೇರಿ, ಬಸ್ ನಿಲ್ದಾಣ, ಎಲ್ಲದಕ್ಕೂ ಕೈ ತೋರಿಸಿ "ಇದೂ ಕೆಸರಾಗಿತ್ತಾ ಅಮ್ಮಾ?" ಎಂದು ನನ್ನ ತಲೆ ತಿಂದಳು. ತಿಂಗಳು ಕಳೆಯುವುದರೊಳಗೆ 'ಈ ಊರು' ಹೋಗಿ 'ನಮ್ಮೂರು' ಆಗಿತ್ತು. ತಮ್ಮ ಕಚೇರಿಯ ಭಾಷೆಯಲ್ಲಿ ಇದಕ್ಕೆ 'ಬೆಸುಗೆ' ಎನ್ನುತ್ತಾರಲ್ಲವೇ?

ಆಮೇಲೆ ತಾವು ದಯಮಾಡಿಸಿದಿರಿ. ಜೊತೆಗೆ ಇಬ್ಬರು ಸಹಾಯಕರು. ಒಬ್ಬರು ಬರೆದುಕೊಳ್ಳಲು, ಇನ್ನೊಬ್ಬರು ತಲೆಯಾಡಿಸಲು. ಕಥೆಯ ನಡುವೆಯೇ ಕೇಳಿದಿರಿ: "ನೀವು ಎಲ್ಲಿ ತರಬೇತಿ ತಗೊಂಡಿದ್ದು?"

"ನಮ್ಮಜ್ಜಿ ಹತ್ರ."

"ಪ್ರಮಾಣಪತ್ರ ಇದ್ಯಾ?"

"ಅಜ್ಜಿ ಹೋಗಿ ಐವತ್ತು ವರ್ಷ ಆಯ್ತು ಸ್ವಾಮಿ. ಈಗ ಸಹಿ ಹಾಕ್ಸೋದು ಸ್ವಲ್ಪ ಕಷ್ಟ."

ಮಕ್ಕಳು ಗೊಳ್ಳೆಂದು ನಕ್ಕರು. ತಾವು ನಗಲಿಲ್ಲ. ಮುಂದಿನ ಶನಿವಾರ ಕೋಣೆಯ ಬಾಗಿಲಿಗೆ ನೋಟಿಸು ಅಂಟಿತ್ತು: 'ಅನುಮತಿಯಿಲ್ಲದವರು ಕಥೆ ಹೇಳುವುದನ್ನು ನಿಷೇಧಿಸಲಾಗಿದೆ.' ಅಜ್ಜಿ ಅದನ್ನು ಎರಡು ಸಲ ಓದಿ, ಕೊಡೆ ಬಿಚ್ಚಿಕೊಂಡು ಹೊರಟುಹೋದರು. ಅವರ ಜಾಗಕ್ಕೆ ತಮ್ಮ ಬಣ್ಣದ ಪುಸ್ತಕ ಬಂತು. ಅದರಲ್ಲಿ ಗಿರಣಿಯವಳು 'ಈ ಮಣ್ಣಿನ ಮಗಳು'. ದೋಣಿ ಇಲ್ಲ, ಕಪ್ಪೆ ಇಲ್ಲ. ಪ್ರತಿ ಪುಟದ ಕೆಳಗೆ ನಾಲ್ಕು ಪ್ರಶ್ನೆ, ಸರಿ ಉತ್ತರಕ್ಕೆ ಗುರುತು ಹಾಕಿ. ಹೊರಗಿನಿಂದ ಬಂದವಳು ಊರು ಕಟ್ಟಿದಳೆಂದರೆ, ಹೊರಗಿನಿಂದ ಬಂದ ಮಕ್ಕಳು ಊರು ತಮ್ಮದೆಂದುಕೊಂಡಾರು ಎಂದು ಭಯವಾಯಿತೇ? ಸ್ವಾಮಿ, ಅವರು ಹಾಗೆ ಅಂದುಕೊಳ್ಳಲಿ ಎಂದೇ ಅಲ್ಲವೇ ಸರ್ಕಾರ ತಮಗೊಂದು ಕುರ್ಚಿ ಕೊಟ್ಟಿರುವುದು?

ತಮ್ಮ ಕಚೇರಿಯ ವಾರ್ಷಿಕ ಸಮಾರಂಭಕ್ಕೆ ನನ್ನ ಮಗಳನ್ನು ಆರಿಸಿದಿರಿ. ಕಥೆ ಹೇಳಬೇಕಿತ್ತು. ಅವಳು ಹೇಳಿದ್ದು ದೋಣಿಯಿರುವ ಕಥೆಯನ್ನೇ. ಕಪ್ಪೆಗಳ ಮಾತು ಬಂದಾಗ ಸಭೆ ನಕ್ಕಿತು. ಅವಳ ಮುಖ ಅರಳಿತು. ಅಷ್ಟರಲ್ಲಿ ತಾವು ಎದ್ದು ಬಂದು ಮೈಕು ಕಸಿದು, "ಪುಟ್ಟಾ, ಅದು ತಪ್ಪು ಕಥೆ. ನಿಂಗೆ ಯಾರೋ ತಪ್ಪು ಹೇಳ್ಕೊಟ್ಟಿದ್ದಾರೆ. ಎಲ್ಲಿ, ಸರಿಯಾದ್ದು ಹೇಳು ನೋಡೋಣ" ಎಂದಿರಿ. ಸಭೆ ಮತ್ತೆ ನಕ್ಕಿತು. ಈ ಸಲ ನಕ್ಕಿದ್ದು ಯಾರನ್ನು ನೋಡಿ ಎಂದು ಮಗುವಿಗೆ ಗೊತ್ತಾಯಿತು. ನಿಂತಲ್ಲೇ ಅವಳ ಬಿಳಿ ಕಾಲುಚೀಲ ಒದ್ದೆಯಾಯಿತು. ಮುಂದಿನ ಸಾಲಿನವರು ಕಾಲು ಹಿಂದಕ್ಕೆಳೆದುಕೊಂಡರು. ತಾವು "ಪರವಾಗಿಲ್ಲ, ಚಪ್ಪಾಳೆ!" ಎಂದಿರಿ. ಎಂಥ ದೊಡ್ಡ ಮನಸ್ಸು!

ಅದಾಗಿ ಎರಡು ತಿಂಗಳಿಗೆ ಇಸ್ತ್ರಿ ಅಜ್ಜಿ ಅದೇ ಆಸ್ಪತ್ರೆಯ ನಾಲ್ಕನೇ ಮಹಡಿ ಸೇರಿದರು. ನಾನು ಮಗಳನ್ನು ಕರೆದುಕೊಂಡು ಹೋದೆ. ಅಜ್ಜಿಯ ಕೈಯಲ್ಲಿ ಸೂಜಿ, ಧ್ವನಿ ಕ್ಷೀಣ. ಆದರೂ ನಕ್ಕು ಕೇಳಿದರು: "ಬಂದ್ಯಾ ಬಂಗಾರಿ? ಗಿರಣಿಯವಳ ಕಥೆ ಹೇಳೇ. ಈ ಸಲ ನಾನು ಕೇಳ್ತೀನಿ."

ಮಗಳು ತಲೆ ತಗ್ಗಿಸಿ ಅಂದಳು: "ಅದು ತಪ್ಪು ಕಥೆ ಅಜ್ಜಿ."

ಅಜ್ಜಿ "ಹೌದಾ ಕಂದಾ" ಎಂದು ಗೋಡೆಯ ಕಡೆ ಮುಖ ತಿರುಗಿಸಿದರು. ಹನ್ನೊಂದನೇ ದಿನ ಹೋದರು. ಅವರ ಹಾಸಿಗೆಯ ಚಾದರ ಕೆಳಗೆ ನನ್ನ ರೋಲರಿಗೇ ಬಂದಿರಬೇಕು. ಎಲ್ಲ ಚಾದರವೂ ಒಂದೇ ಥರ ಇರುವುದರಿಂದ ಯಾವುದೆಂದು ತಿಳಿಯಲಿಲ್ಲ.

ತಮ್ಮ ತಪ್ಪನ್ನಷ್ಟೇ ಬರೆದರೆ ನಾನು ತಮ್ಮಂತೆಯೇ ಆಗಿಬಿಡುತ್ತೇನೆ. ಅಂದು ತಾವು ಚಪ್ಪಾಳೆ ಎಂದಾಗ ನಾನೂ ತಟ್ಟಿದೆ. ನಮ್ಮ ಪೌರತ್ವದ ಅರ್ಜಿ ತಮ್ಮ ಕಟ್ಟಡದಲ್ಲೇ, ತಮ್ಮ ಮೇಲಿನ ಮಹಡಿಯಲ್ಲೇ ಇದೆ ಎಂಬುದು ನೆನಪಾಗಿ ತಟ್ಟಿದೆ. ಮಗಳು ವೇದಿಕೆಯ ಮೇಲಿಂದ ನನ್ನ ಕೈಗಳನ್ನು ನೋಡುತ್ತಿದ್ದಳು. ಅದರ ಬಗ್ಗೆ ಅವಳು ಇವತ್ತಿಗೂ ಒಂದು ಮಾತು ಕೇಳಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ನನ್ನ ಬೇಡಿಕೆ ಇಷ್ಟೇ. ಪರಿಹಾರ ಬೇಡ, ವಿಚಾರಣಾ ಸಮಿತಿಯಂತೂ ಬೇಡವೇ ಬೇಡ. ಅದೇ ಸಭಾಂಗಣಕ್ಕೆ ಅದೇ ಜನರನ್ನು ಕರೆಸಿ, ಮೈಕು ಹಿಡಿದು ಒಂದು ವಾಕ್ಯ ಹೇಳಿ: "ಆ ಹುಡುಗಿ ಹೇಳಿದ ಕಥೆ ತಪ್ಪಲ್ಲ, ನಾನು ಹೇಳಿದ್ದು ತಪ್ಪು." ತರಬೇತಿ ಬೇಕೆನಿಸಿದರೆ ಪಡೆದುಕೊಂಡೇ ಬನ್ನಿ, ಕಾಯುತ್ತೇವೆ. ಮಗಳು ಬರುತ್ತಾಳೋ ಇಲ್ಲವೋ ನಾನು ಹೇಳಲಾರೆ. ಅವಳನ್ನು ಇನ್ನು ಯಾವ ವೇದಿಕೆಗೂ ನಾನು ಬಲವಂತ ಮಾಡುವುದಿಲ್ಲ.

ಇಂತಿ,
ಈ ಪತ್ರ ಅಚ್ಚಾದ ಮೇಲೆ ತನ್ನ ಅರ್ಜಿ ಯಾವ ಕಪಾಟಿನ ತಳ ಸೇರಲಿದೆ ಎಂದು ಚೆನ್ನಾಗಿ ಬಲ್ಲ,
ಲಾಂಡ್ರಿಯ ಹೆಂಗಸು