ಎರಡು ಕೈಬರಹದ ನೋಟ್ ಬುಕ್

ಭಾನುವಾರ, ಒಂಬತ್ತನೇ ತಾರೀಖು

ಪ್ರೀತಿಯ ಮೊಂಡಿಗೆ,

ಮೂರು ವರ್ಷದ ಮೇಲೆ ನನ್ನ ಅಕ್ಷರ ಕಂಡು ನೀನು ಇದನ್ನು ಹರಿದು ಬಿಸಾಕಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ನಾವಿಬ್ಬರೂ ಕೆಲಸ ಮಾಡುತ್ತಿದ್ದ ಲಾಂಡ್ರಿಯ ವಿಳಾಸಕ್ಕೇ ಕಳಿಸುತ್ತೇನೆ. ಈಗಲೂ ಅಲ್ಲೇ ಇದ್ದೀಯೆಂದು ಕೇಳಿದೆ. ಇರದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ನನಗೆ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ನಾವು ಸಂಜೆ ಕಾಲೇಜಿನಲ್ಲಿ ಓದಿದ ಮೂರು ಗಣಿತದ ಕೋರ್ಸಿಗೆ ಕ್ರೆಡಿಟ್ ಕೊಟ್ಟರೆ ನೇರ ಎರಡನೇ ವರ್ಷ, ಇಲ್ಲದಿದ್ದರೆ ಮತ್ತೆ ಮೊದಲಿನಿಂದ. ಎರಡನ್ನು ಅಂಕಪಟ್ಟಿ ನೋಡಿಯೇ ಒಪ್ಪಿದರು. ಮ್ಯಾಟ್ರಿಕ್ಸ್ ಕೋರ್ಸಿಗೆ ಮಾತ್ರ, ಅಲ್ಲಿ ಏನೇನು ಕಲಿಸಿದರೆಂದು ತೋರಿಸಿ ಎಂದರು. ನಮ್ಮ ಕಾಲೇಜಿಗೆ ಫೋನು ಮಾಡಿದರೆ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿದರು. ಕೊನೆಗೆ ಇಲ್ಲಿಯವರೇ, ನೋಟ್ಸ್ ಇದ್ದರೆ ತನ್ನಿ ಎಂದರು. ತೆಗೆದುಕೊಂಡು ಹೋದೆ.

ಹೌದು ಕಣೇ. ಆ ನೋಟ್ ಬುಕ್ ಬಸ್ಸಿನಲ್ಲಿ ಕಳೆದಿರಲಿಲ್ಲ.

ಕೌಂಟರಿನಲ್ಲಿ ಒಬ್ಬರಾದರೂ ಇರಬೇಕಿತ್ತಲ್ಲ, ಒಂದು ದಿನ ನೀನು ಕ್ಲಾಸಿಗೆ, ಒಂದು ದಿನ ನಾನು. ಮೇಷ್ಟ್ರು ತಲೆ ಎತ್ತದೆ ಹಾಜರಿ ಕೂಗುತ್ತಿದ್ದರು, ಹೋದವಳು ದನಿ ಬದಲಾಯಿಸಿ ಎರಡು ಸಲ "ಎಸ್ ಸರ್" ಅನ್ನುತ್ತಿದ್ದಳು. ಇಬ್ಬರಿಗೂ ಸೇರಿ ಒಂದೇ ನೋಟ್ ಬುಕ್. ಪರೀಕ್ಷೆಗೆ ನಾಲ್ಕು ದಿನ ಇದ್ದಾಗ, ಒಂದು ದಿನಕ್ಕೆಂದು ಒಯ್ದ ನನಗೆ ವಾಪಸು ಕೊಡಲು ಮನಸ್ಸಾಗಲಿಲ್ಲ. ನನಗೆ ಏನೂ ತಲೆಗೆ ಹತ್ತಿರಲಿಲ್ಲ. ನಿನಗೆ ಹೇಗೂ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಕಳೆದುಹೋಯಿತೆಂದು ಅತ್ತಾಗ ನೀನು, "ಹೋಗ್ಲಿ ಬಿಡೇ, ನೀನೇನೂ ಕಳೆದುಹೋಗಿಲ್ವಲ್ಲ" ಅಂದೆ. ನಾನು ಪಾಸಾದೆ. ನೀನು ಆರು ಅಂಕದಲ್ಲಿ ಫೇಲಾದೆ. ಆಮೇಲೆ ನೀನು ಕಾಲೇಜಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ, ನಾನು ನಿನ್ನ ಕಡೆ.

ಇಲ್ಲಿಯ ಪ್ರೊಫೆಸರ್ ಪುಟ ತಿರುಗಿಸುತ್ತಾ ಒಂದು ಲೆಕ್ಕದ ಹತ್ತಿರ ನಿಂತುಬಿಟ್ಟರು. ಮೇಷ್ಟ್ರು ಬೋರ್ಡು ತುಂಬಾ ಮಾಡಿದ್ದನ್ನು ನೀನು ನಾಲ್ಕು ಸಾಲಿನಲ್ಲಿ ಮುಗಿಸಿದ್ದೆಯಲ್ಲ, ಅದು. "ಇದು ನೀವೇ ಮಾಡಿದ್ದಾ?" ಎಂದರು. ಹೌದು ಎಂದೆ. ಸಹಿ ಹಾಕಿದರು.

ಸಂತೋಷ ಹೇಳಿಕೊಳ್ಳಲು ಯಾರೂ ಇರಲಿಲ್ಲ. ನನ್ನ ರೂಮಿನಲ್ಲಿ ಒಂದು ಕುರ್ಚಿ, ಒಂದು ತಟ್ಟೆ, ಒಂದು ಲೋಟ. ಪಕ್ಕದ ರೂಮಿನ ಹುಡುಗಿಯರು ಆಂಟಿ ಅನ್ನುತ್ತಾರೆ, ಪಾಪ, ಗೌರವಕ್ಕೇ. ಭಾನುವಾರವೆಲ್ಲ ಬಾಯಿ ಬಿಡದೆ ಕಳೆದು, ಸೋಮವಾರ ಕಂಡಕ್ಟರಿಗೆ ಸ್ಟಾಪಿನ ಹೆಸರು ಹೇಳಲು ಹೋದರೆ ದನಿಯೇ ಹೊರಡುವುದಿಲ್ಲ. ಅವತ್ತು ಬೇರೆ ದಾರಿ ಕಾಣದೆ ನೋಟ್ ಬುಕ್ಕನ್ನೇ ತೆರೆದು ಕೂತೆ. ನಿನ್ನ ನಾಲ್ಕು ಸಾಲಿನ ಕೆಳಗೆ ಅದೇ ಲೆಕ್ಕ ಮತ್ತೆ ಎರಡು ಪುಟ ಇತ್ತು, ಒಂದೊಂದು ಹೆಜ್ಜೆಯನ್ನೂ ಬಿಡಿಸಿ. ಅಂಚಿನಲ್ಲಿ, "ಬಾಲಾ, ಮೇಲಿಂದು ನನಗೆ, ಇದು ನಿನಗೆ. ಬೈಕೋಬೇಡ" ಎಂದು ನೀನು ಬರೆದಿದ್ದೆ. ನೀನು ಹೋದ ಪ್ರತಿ ಕ್ಲಾಸೂ ಹಾಗೇ ಇದೆ, ಎರಡೆರಡು ಸಲ. ಪರೀಕ್ಷೆಗೆ ನಾನು ಓದಿದ್ದು ಅದನ್ನೇ. ಆಗ ನನ್ನ ಕಣ್ಣಿಗೆ ಬಿದ್ದದ್ದು ಲೆಕ್ಕ ಮಾತ್ರ. ಈ ಸಲ ತುಂಬಾ ಅತ್ತೆ, ನಾಟಕದ ಅಳುವಲ್ಲ.

ಮಾರನೆಯ ದಿನ ಹೋಗಿ ನಿಜ ಹೇಳಿದೆ. ಪ್ರೊಫೆಸರ್ ಬೈಯಲಿಲ್ಲ, ಸಹಿಯ ಮೇಲೆ ಗೀಟು ಎಳೆದರು. ಪರೀಕ್ಷೆ ಇಡುತ್ತಾರಂತೆ. ಪಾಸಾದರೆ ಕ್ರೆಡಿಟ್, ಇಲ್ಲದಿದ್ದರೆ ಮೊದಲನೇ ವರ್ಷ. ನ್ಯಾಯವೇ. ಆದರೆ, "ಅದನ್ನ ಬರೆದೋರು ಈಗ ಎಲ್ಲಿ ಓದ್ತಿದಾರೆ?" ಎಂದು ಕೇಳಿದಾಗ ನೋಟ್ ಬುಕ್ಕನ್ನು ಎತ್ತಿಕೊಂಡು ಹೊರಟುಬಂದೆ.

ಕ್ಷಮಿಸು ಅನ್ನಲು ಮುಖವಿಲ್ಲ. ಬೈದಾದರೂ ಒಂದು ಸಾಲು ಬರೆ.

ಇಂತಿ,
ಲಾಂಡ್ರಿಯವರೆಲ್ಲ ಕರೆಯುತ್ತಿದ್ದ ಹಾಗೆ,
ನಿನ್ನ ಬಾಲ

ತಾ.ಕ.: ನೋಟ್ ಬುಕ್ಕನ್ನು ಇದರ ಜೊತೆಗೇ ನಾಳೆ ಬೆಳಗ್ಗೆ ಅಂಚೆಗೆ ಹಾಕುತ್ತೇನೆ. ಪರೀಕ್ಷೆ ಗುರುವಾರ, ಇನ್ನು ನಾಲ್ಕು ದಿನ ಇದೆ. ನಕಲು ಮಾಡಿ ಇಟ್ಟುಕೊಂಡಿಲ್ಲ.